ಮೂರು ಹಲಗೆಗಳ ಮಸಿ

ಮಂಗಳವಾರ, ಮಧ್ಯಾಹ್ನ

ನನ್ನ ಮುದ್ದು ಮೊಂಡರಿಗೆ,

ಸೋಮವಾರದಿಂದ ನೀವು ಮತ್ತೆ ಡೆಕ್ಕಿನ ಮೇಲೆ, ಮೇಸ್ತ್ರಿಗಳು ಒಪ್ಪಿದ್ದಾರೆ, ನಾನೇ ಫೋನ್ ಮಾಡಿ ಒಪ್ಪಿಸಿದ್ದೇನೆ! ಆದರೆ ಈಗಲೇ ಕುಣಿಯಬೇಡಿ. ಒಂದು ಷರತ್ತಿದೆ, ಅದಕ್ಕಿಂತ ಮೊದಲು ನನ್ನ ಬೈಗುಳವಿದೆ. ಆರು ದಿನದಿಂದ ನನ್ನ ಫೋನ್ ಎತ್ತಿಲ್ಲ ನೀವು. ಎತ್ತಿದ್ದರೆ ಬೈಗುಳ ಗಾಳಿಗೆ ಹೋಗುತ್ತಿತ್ತು. ಈಗ ಕಾಗದದಲ್ಲಿ ಉಳಿಯುತ್ತದೆ, ಅನುಭವಿಸಿ.

ಹನ್ನೊಂದು ವರ್ಷ ದೋಣಿಗಳ ತೇಗದ ಡೆಕ್ ಉಜ್ಜಿದ ಕೈ ನಿಮ್ಮದು. ಕಣ್ಣು ಮುಚ್ಚಿ ಬರಿಗಾಲಲ್ಲಿ ನಡೆದು, ಯಾವ ಹಲಗೆ ಕೂದಲೆಳೆಯಷ್ಟು ಎದ್ದಿದೆ ಎಂದು ಹೇಳುವ ಕಾಲು ನಿಮ್ಮದು. ಅಂಥವರು ಇಡೀ ದೋಣಿ ಯಾರ್ಡಿನ ಮುಂದೆ ತಲೆ ತಗ್ಗಿಸಿ, ಸಂದಿಗೆ ತುಂಬಿದ ಕಪ್ಪು ರಬ್ಬರು ಗಟ್ಟಿಯಾಗುವ ಮೊದಲೇ ಉಜ್ಜುವ ಮೆಷಿನ್ ಹಾಕಿಬಿಟ್ಟೆ, ತಪ್ಪು ನನ್ನದೇ ಅಂದಿರಲ್ಲ, ಯಾರನ್ನು ಕೇಳಿ ಅಂದಿರಿ? ಮೆಷಿನ್ ಹಾಕಿದ್ದು ನಾನು. ಊಟದ ಡಬ್ಬಿ ತಂದವಳು, ನೀವು ಅಂಗಡಿಗೆ ಹೋಗಿಬರುವ ಅರ್ಧ ಗಂಟೆಯಲ್ಲಿ ಮೂರು ಹೊಸ ಹಲಗೆಗಳಿಗೆ ಮಸಿ ಬಳಿದಿಟ್ಟೆ. ಆ ತಪ್ಪು ನನ್ನ ಆಸ್ತಿ. ಅದನ್ನು ಹೇಗೆ ಕದ್ದಿರಿ?

ಕದ್ದದ್ದಕ್ಕೆ ಏನು ಸಿಕ್ಕಿತು? ದೋಣಿಯ ಅಡಿ ಅಂಗಾತ ಮಲಗಿ, ತಳಕ್ಕೆ ಅಂಟಿದ ಚಿಪ್ಪು ಕೆರೆಯುವ ಕೆಲಸ. ನಿಮ್ಮ ಡೆಕ್ ನಿಮ್ಮ ಜೊತೆಗಾರ ಆ ಕನ್ನಡಕದವನಿಗೆ. ಅವನು ಮೇಲಿಂದ ಬಗ್ಗಿ, ಏನಪ್ಪಾ, ಚಿಪ್ಪುಗಳ ಜೊತೆ ಸಂಸಾರ ಹೂಡಿದ್ದೀಯಾ ಅಂತ ಕೇಳಿದಾಗ ನೀವು ನಕ್ಕಿರಿ. ನನ್ನ ಮೈ ಉರಿದುಹೋಯಿತು. ಹೋಗಿ ನಿಜ ಹೇಳುತ್ತೇನೆ ಅಂದರೆ, ಸುಮ್ನಿರು, ನಿನಗಿದೆಲ್ಲ ಗೊತ್ತಾಗಲ್ಲ ಅಂದಿರಿ. ನಾನು ತವರಿನ ರೈಲು ಹತ್ತಿದ್ದು ಆ ಒಂದು ಮಾತಿಗೆ.

ತಪ್ಪು ಹೊತ್ತುಕೊಂಡ ಗಂಡನನ್ನ ಬೈಯೋಳು ಲೋಕದಲ್ಲಿ ನೀನೊಬ್ಬಳೇ ಕಣೆ ಅಂತ ಅಮ್ಮನ ತಕರಾರು. ಹೊತ್ತು ತಿರುಗೋಕೆ ನಾನೇನು ಮೂಟೆಯಾ ಅಂದೆ. ಮಾತಿಗೇನೂ ಕಡಿಮೆಯಿಲ್ಲ ಅಂತ ಗೊಣಗುತ್ತಾ ಒಳಗೆ ಹೋದಳು.

ನಿನ್ನೆ ಮೇಸ್ತ್ರಿಗಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಏನಂದರು ಗೊತ್ತೆ? ನನಗೆ ಅವತ್ತೇ ಗೊತ್ತಿತ್ತು, ಮರದ ಎಳೆಗೆ ಅಡ್ಡಡ್ಡ ಗೀರು ಬಿದ್ದಿದೆ, ನಿನ್ನ ಗಂಡ ನಿದ್ದೆಯಲ್ಲೂ ಹಾಗೆ ಉಜ್ಜೋನಲ್ಲ ಅಂದರು. ಗೊತ್ತಿದ್ದೂ ಎತ್ತಿಗೆ ಜ್ವರ ಅಂತ ಎಮ್ಮೆಗೆ ಬರೆ ಹಾಕಿದಿರಾ ಅಂತ ಜೋರು ಮಾಡಿದೆ. ಎಮ್ಮೆನೇ ಬಂದು ಬೆನ್ನು ಕೊಟ್ಟರೆ ನಾನೇನು ಮಾಡ್ಲಮ್ಮಾ, ಬರೆ ಬಿದ್ದಿದ್ದು ಸುಳ್ಳು ಹೇಳಿದ್ದಕ್ಕೆ ಅಂದರು. ಸರಿ, ಅವರನ್ನ ಮತ್ತೆ ಡೆಕ್ಕಿಗೆ ಹತ್ತಿಸೋಕೆ ನಾನೇನು ಮಾಡ್ಬೇಕು ಹೇಳಿ ಅಂದೆ.

ಷರತ್ತು ಇಷ್ಟು. ಶನಿವಾರ, ಭಾನುವಾರ ನಾನೇ ಆ ಮೂರು ಹಲಗೆ ಸರಿಮಾಡಬೇಕು. ಮೆಷಿನ್ ಮುಟ್ಟಕೂಡದು. ಉಪ್ಪುಕಾಗದ ಸುತ್ತಿದ ಮರದ ತುಂಡು ಹಿಡಿದು, ಮೊಣಕಾಲೂರಿ, ಎಳೆಯ ದಿಕ್ಕಿನಲ್ಲೇ. ನೀವು ಪಕ್ಕದಲ್ಲಿ ಕೈಕಟ್ಟಿ ಕೂತು ಹೇಳಿಕೊಡಬೇಕು. ತೇಗ ಹೆಚ್ಚು ಸವೆದರೆ ಇಬ್ಬರಿಗೂ ಚಿಪ್ಪು ಕೆರೆಯುವ ಕೆಲಸವಂತೆ. ನಿನ್ನೆಯಿಂದ ಅಮ್ಮನ ಅಡುಗೆಮನೆಯ ಮೇಜಿನ ಮೇಲೆ ಅಭ್ಯಾಸ ನಡೆದಿದೆ. ಅದರ ನಾಲ್ಕು ಕಾಲನ್ನಾದರೂ ಉಳಿಸು ತಾಯಿ ಅನ್ನುತ್ತಿದ್ದಾಳೆ.

ಇನ್ನು ಮುಂದೆ ನನ್ನ ತಪ್ಪಿಗೆ ನೀವು ಕೈ ಹಾಕಬೇಡಿ. ಬೇರೆ ಏನು ಬೇಕಾದರೂ ಹಂಚಿಕೊಳ್ಳುತ್ತೇನೆ.

ನಲವತ್ತೊಂದು ದಿನದ ನಿಮ್ಮ ಹೆಂಡತಿ,
ನೀವೇ ಹೆಸರಿಟ್ಟ ಗಡಿಬಿಡಿ

ತಾ.ಕ.: ರಬ್ಬರಿಗೆ ಉಗುರು ಒತ್ತಿ ನೋಡಬೇಕು, ಗುರುತು ಬಿದ್ದರೆ ಇನ್ನೂ ಹಸಿ ಅಂತ ನೀವು ಹೇಳಿಕೊಟ್ಟಿದ್ದಿರಿ. ಒತ್ತಿ ನೋಡಿದ್ದೆ. ಗುರುತು ಬಿದ್ದಿತ್ತು. ಮದುವೆಯಾದ ಮೇಲಿನ ಐದು ಭಾನುವಾರವನ್ನೂ ದೋಣಿಗಳೇ ತಿಂದಿದ್ದವು. ಒಣಗಲೆಂದು ಕಾದರೆ ಆರನೆಯದೂ ಹೋಗುತ್ತಿತ್ತು, ಅದಕ್ಕೇ ಮೆಷಿನ್ ಹಚ್ಚಿದೆ. ಗೊತ್ತಾಗಲ್ಲ ಅಂದಿರಲ್ಲ, ನನಗೆ ಗೊತ್ತಿತ್ತು. ಮೇಸ್ತ್ರಿಗಳಿಗೂ ಇದನ್ನು ಹೇಳಿಲ್ಲ, ನಿಮಗೇ ಮೊದಲು. ಇಷ್ಟು ಓದಿದ ಮೇಲೂ ಸ್ಟೇಷನ್ನಿಗೆ ಬರಬೇಕು ಅನ್ನಿಸಿದರೆ, ಶುಕ್ರವಾರ, ಸಂಜೆ ಐದೂವರೆಯ ಪ್ಯಾಸೆಂಜರ್.