ಹದಿನೆಂಟನೇ ವರ್ಷದ ತೆಂಗಿನ ಸಸಿ

ಸಂಪತ್ ಸ್ವಾಮಿಗಳಿಗೆ,

ಮಾಲೆ ಹಾಕಿರುವಾಗ ಗಂಡನನ್ನೂ ಸ್ವಾಮಿ ಎಂದೇ ಕರೆಯಬೇಕಲ್ಲ, ಅದಕ್ಕೇ ಹೀಗೆ.

ಮಹಿಳಾ ಸಂಘದವರ ಜೊತೆ ಕಡಲ ದಂಡೆಯ ಈ ನೂರು ವರ್ಷದ ಹೋಟೆಲಿಗೆ ಬೆಳಿಗ್ಗೆಯೇ ಬಂದೆ. ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ, ಅಲೆ ನೋಡುತ್ತಾ ಎರಡು ಕಾಫಿ ಕುಡಿದೆ. ಅಷ್ಟರಲ್ಲಿ ಅತಿಥಿಗಳ ಹಳೆಯ ಪುಸ್ತಕ ತಿರುವುತ್ತಿದ್ದ ಕುಸುಮಾ ಕೂಗಿದಳು: "ಏ ಲತಾ, ಮುಂಚೇನೇ ಇಲ್ಲಿಗೆ ಬಂದಿದ್ಯಾ? ಹೇಳ್ಲೇ ಇಲ್ವಲ್ಲೇ!"

ನಿಮ್ಮದೇ ಅಕ್ಷರ. 'ಶ್ರೀಮತಿ ಮತ್ತು ಶ್ರೀ ಸಂಪತ್, ಕುರುಬರಹಳ್ಳಿ.' ಒಂಬತ್ತು ವರ್ಷದ ಹಿಂದಿನ ಮಕರಜ್ಯೋತಿಯ ದಿನ. ಅವತ್ತು ನೀವು ಶಬರಿಮಲೆಯಲ್ಲಿದ್ದೀರಿ ಎಂದು ನಾನು ಮನೆಯಲ್ಲಿ ಉಪವಾಸವಿದ್ದೆ.

"ಹೂಂ ಕಣೇ, ಬಂದಿದ್ದೆ" ಎಂದೆ. ಪುಟದ ಫೋಟೊ ತೆಗೆದುಕೊಂಡೆ. ನಿಮ್ಮ ವ್ರತ ಮುಗಿಯುವವರೆಗೆ ನಾನು ಮೀನು ಮುಟ್ಟಬಾರದು. ಮಧ್ಯಾಹ್ನ ಎರಡು ತಿಂದೆ, ಚೆನ್ನಾಗಿತ್ತು.

ಭಾನುವಾರದ ಇರುಮುಡಿ ಪೂಜೆಗೆ ನೆಂಟರನ್ನೆಲ್ಲ ತಪ್ಪದೆ ಕರೆಯಿರಿ. ಹದಿನೆಂಟನೇ ವರ್ಷವೆಂದು ಬೆಟ್ಟಕ್ಕೆ ಹೊತ್ತೊಯ್ಯಬೇಕಾದ ತೆಂಗಿನ ಸಸಿಯನ್ನು ಎಲ್ಲೂ ಹುಡುಕಬೇಡಿ. ಈ ಹೋಟೆಲಿನ ತೋಟದಿಂದಲೇ ತರುತ್ತಿದ್ದೇನೆ. ಎಲ್ಲಿಯ ಸಸಿ ಎಂದು ಗುರುಸ್ವಾಮಿಗಳು ಕೇಳಿದರೆ ಎಲ್ಲರೆದುರು ನೀವೇ ಹೇಳಿ. ಮರೆತರೆ, ಫೋಟೊ ನನ್ನ ಹತ್ತಿರ ಇರುತ್ತದೆ.

ಸ್ವಾಮಿ ಶರಣಂ.

ನಿಮ್ಮ ಶ್ರೀಮತಿ,
ಲತಾ