ಸಾಹೇಬರ ಊಟದ ಸೀನ್

ಜನವರಿ 6, 2025. ಬೆಳಿಗ್ಗೆ 7

ಬಿಸಿನೀರು, ಗುಳಿಗೆ, ಮತ್ತೆ ಬಿಸಿನೀರು. ಇವರ ಗಂಟಲು ಇವತ್ತೂ ಗರಗರ. ಮೆಲ್ಕಾರ್ ಪೇಟೆಯ ನಮ್ಮ ಚಪ್ಪಲಿ ಅಂಗಡಿಗೆ ಹೋಗಬೇಡಿ ಎಂದರೆ ಕೇಳುವ ಮನುಷ್ಯನಲ್ಲ ನನ್ನ ಗಂಡ.

ಕ್ಯಾನ್ಸರ್ ಆಪರೇಷನ್ನಿಗೆ ಡಾಕ್ಟರು ಡೇಟ್ ಕೊಟ್ಟಿದ್ದಾರೆ — 14. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಮುಂದೆ ಯಂತ್ರ ಇಟ್ಟು ಮಾತಾಡಬಹುದಂತೆ. ಅದು ನಮ್ಮ ಈ ಶುಕೂರ್ ಸಾಹೇಬರ ಸ್ವರ ಆಗುವುದುಂಟೇ...

ಜನವರಿ 8

"ಉಮ್ಮಾ, ಅಬ್ಬನ ಸ್ವರ ರೆಕಾರ್ಡ್ ಮಾಡಿ ಇಡುವ" ಎಂದಳು ಮಗಳು ಜಸ್ನಾ. ಏನು ಮಾತಾಡಿಸುವುದು? ಯೋಚಿಸಲೇ ಇಲ್ಲ ನಾನು — ಆ ಸಿನಿಮಾ!

ಸೌದಿಯ ದಮ್ಮಾಮಿನಲ್ಲಿ ದುಡಿಯುತ್ತಿದ್ದಾಗ ಇವರು ತಂದ ವಿಡಿಯೋ ಕ್ಯಾಸೆಟ್. ಇಂಗ್ಲಿಷ್ ಕಾಮಿಡಿ. ಬೆಟ್ಟದ ಗಡಿಯ ಕೋಟೆಯಲ್ಲಿ ಬ್ರಿಟಿಷ್ ಸಾಹೇಬರ ಪೊಳ್ಳು ಶೌರ್ಯ. ನಮಗೆ ಇಂಗ್ಲಿಷ್ ಬಾರದು, ಇವರಿಗೂ ಅಷ್ಟಕ್ಕಷ್ಟೆ. ಪ್ರತಿ ರಜೆಯಲ್ಲೂ ಟಿವಿ ಪಕ್ಕ ಕೂತು ಎಲ್ಲರ ಮಾತನ್ನೂ ನಮ್ಮ ಬ್ಯಾರಿ ಭಾಷೆಯಲ್ಲಿ ಇವರೇ ಹೇಳುತ್ತಿದ್ದರು. ಕೊನೆಗೆ ಊಟದ ಸೀನ್. ಹೊರಗಿಂದ ಗುಂಡು, ಬಟ್ಟಲಿಗೆ ಛಾವಣಿಯ ಗಾರೆ, ಸಾಹೇಬರು ಉಣ್ಣುತ್ತಲೇ ಇದ್ದಾರೆ. ಇವರ ಬಾಯಲ್ಲಿ ಆ ಸಾಹೇಬ ಮಡದಿಗೆ ಹೇಳುತ್ತಾನೆ: "ಗುಂಡು ಬೀಳಲಿ ಮಾರಾಯ್ತಿ, ಸಾರಿಗೆ ಉಪ್ಪು ಕಡಿಮೆ ಉಂಟಲ್ಲ!"

ಜನವರಿ 12. ಸಂಜೆ

ಆಯಿತು ರೆಕಾರ್ಡಿಂಗ್. "ಇದೇನು, ನನ್ನ ಮಯ್ಯತ್ತಿಗೆ ತಯಾರಿಯಾ?" ಎಂದರು. ಸಾವಿನ ಮಾತು ಬೇಡ ಎಂದು ಬೈದೆ. ಆಮೇಲೆ ಕೂತರು. ಹರಿದ ಸ್ವರ, ಆದರೂ ಒಬ್ಬೊಬ್ಬ ಸಾಹೇಬನೂ ಬಂದ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟು ದಿನವಾಗಿತ್ತು!

ಜನವರಿ 14. ಬೆಳಿಗ್ಗೆ 8

ಇವರನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ಸ್ಟ್ರೆಚರಿನಿಂದ ಇವರು ನನ್ನ ಕೈ ಹಿಡಿದು ಕೇಳಿದರು — "ಗ್ಯಾಸ್ ಆಫ್ ಮಾಡಿದ್ದೀಯಲ್ಲಾ?" ಹ್ಞೂಂ ಎಂದೆ.

ಬೇರೆ ಏನಾದರೂ ಹೇಳಬಾರದಿತ್ತೇ ಈ ಮನುಷ್ಯ.

ಜನವರಿ 17

ಆಸ್ಪತ್ರೆಯ ಬೆಂಚಿನಲ್ಲಿ ಕೂತು, ಇಯರ್‌ಫೋನ್ ಹಾಕಿ ರೆಕಾರ್ಡಿಂಗ್ ಕೇಳಿದೆ. ನನ್ನ ನಗು. ಮೊದಲಿಂದ ಕೊನೆಯವರೆಗೂ ನನ್ನದೇ ನಗು. ಫೋನು ನನ್ನ ಬದಿಗೆ ಇತ್ತು. ಇವರ ಸ್ವರ ಪಕ್ಕದ ಮನೆಯಿಂದ ಬಂದಂತೆ. ಉಪ್ಪಿನ ಮಾತಿನಲ್ಲಂತೂ ಒಂದಕ್ಷರ ಇಲ್ಲ. ನನ್ನ ನಗು ತೆಗೆಯಲು ಜಸ್ನಾ ಯಾವುದೋ ಆ್ಯಪ್ ಹಾಕಿ ನೋಡಿದಳು. "ಆಗುವುದಿಲ್ಲ ಉಮ್ಮಾ."

ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಬಾಯಿ ಮುಚ್ಚಿ ಎಂದ ಶಹರ್ಬಾನು ಟೀಚರ್ ನಾನು. ಹತ್ತು ನಿಮಿಷ ನನ್ನ ಬಾಯಿ ಮುಚ್ಚಲಾಗಲಿಲ್ಲ.

ಜನವರಿ 30. ಮಧ್ಯಾಹ್ನ

ಮನೆಗೆ ಬಂದೆವು. ಮೂಗಿನ ಊಟದ ನಳಿಕೆ ತೆಗೆದಿದ್ದಾರೆ. ಇವತ್ತು ಬಾಯಿಂದ ಮೊದಲ ಊಟ — ತೆಳು ಗಂಜಿ. ರೆಕಾರ್ಡಿಂಗಿನ ವಿಷಯ ಹೇಳಿಲ್ಲ. ಹೇಳಲು ಧೈರ್ಯವಿಲ್ಲ.

ಒಂದು ಚಮಚ ನುಂಗಿದರು. ಕಣ್ಣು ಮುಚ್ಚಿದರು. ಸ್ಲೇಟು ಕೊಡು ಎಂದು ಸನ್ನೆ. ನೋವಿರಬೇಕು ಎಂದುಕೊಂಡೆ. ನಿಧಾನಕ್ಕೆ ಬರೆದು ತಿರುಗಿಸಿದರು:

"ಗುಂಡು ಬೀಳಲಿ ಮಾರಾಯ್ತಿ. ಉಪ್ಪು ಕಡಿಮೆ."

ನಕ್ಕುಬಿಟ್ಟೆ. ಅವರೂ ನಕ್ಕರು. ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು. ತಟ್ಟನೆ ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಈ ಸಲವಾದರೂ ಅವರ ನಗು ಕೇಳಲಿ ಎಂದು. ಕಿವಿಗೊಟ್ಟೆ. ಬರೀ ಉಸಿರು, ಕುತ್ತಿಗೆಯ ತೂತಿನಿಂದ.