ಹೊಸಿಲಲ್ಲಿ ಹಾಸಿದ ಕಂಬಳಿ

ಪೆನ್ನಾಗರಂ, 12-2-96

ಮುದ್ದು ಚಿಕ್ಕಿ,

ನಿನ್ನೆ ಅತ್ತೆಯವರ ತವರೂರಿನ ಜಮೀನ್ದಾರರ ಮನೆ ಮ್ಯೂಸಿಯಂಗೆ ಹೋಗಿದ್ದೆವು. ಅಲ್ಲಿ ಭಾನುವಾರ ವೇಷ ಹಾಕಿಕೊಂಡು ಹಳೇ ಕಾಲದ ಬದುಕನ್ನು ಆಡಿ ತೋರಿಸುತ್ತಾರೆ. ಎಂಥ ಅನ್ಯಾಯ ಗೊತ್ತಾ! ಮದುವೆಯಲ್ಲಿ ನನ್ನನ್ನೂ ಇವರನ್ನೂ ಕೂರಿಸಿದ್ದರಲ್ಲ, ಅಂಥದೇ ಕರಿ ಕಂಬಳಿಯನ್ನು ಹೊಸಿಲಲ್ಲಿ ಕಾಲೊರೆಸಲು ಹಾಸಿದ್ದರು! ಅತ್ತೆ, "ಇದು ದ್ಯಾವ್ರ ಗದ್ದಿಗೆ ಕಣ್ಲಾ!" ಎಂದು ಪೇಟ ಸುತ್ತಿದ ವೇಷದವನನ್ನು ಗದರಿ, ಅದನ್ನು ಕೊಡವಿ ಜಮೀನ್ದಾರರ ಕುರ್ಚಿಯ ಮೇಲಿಟ್ಟು ಕೈಮುಗಿದರು. ತಕ್ಷಣ ಗೈಡ್ ಪ್ರವಾಸಿಗರಿಗೆ ಇಂಗ್ಲಿಷಿನಲ್ಲಿ, ಜಮೀನ್ದಾರರೂ ದಿನಾ ಹೀಗೇ ಪೂಜಿಸುತ್ತಿದ್ದರು ಎಂದುಬಿಟ್ಟ! ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ, "ಯಾವ ಪೂಜೆ? ಕಂಬ್ಳಿ ಒದ್ಕಂಡು ಬಂದ್ರೆ ನಮ್ಮಪ್ಪನ್ನ ಈ ಒಸ್ಲು ದಾಟಕ್ಕೇ ಬುಡ್ತಿರ್ಲಿಲ್ಲ" ಎಂದರು. ಅಷ್ಟನ್ನೂ ಇಂಗ್ಲಿಷಿನಲ್ಲಿ ಕೂಗಿ ಎಲ್ಲರಿಗೂ ಹೇಳಿಬಿಟ್ಟೆ! ಗಂಟಲು ಕಟ್ಟಿದೆ, ಅತ್ತೆ ಮೆಣಸಿನ ಕಷಾಯ ಕೊಡುತ್ತಿದ್ದಾರೆ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ರೇವತಿ